ಬಣ್ಣದ ಕೆಳಗಿನ ಅಳತೆ

ಗಿಣಿಗೇರಾ
16 ಸೆಪ್ಟೆಂಬರ್ 2024

ಅಪ್ಪನಿಗೆ ಹೇಮಾವತಿಯ ನಮಸ್ಕಾರ.

ಫೋನು ಬಿಟ್ಟು ಪತ್ರ ಯಾಕೆ ಎಂದು ನೀನು ಕೇಳುವುದಿಲ್ಲ, ಅವ್ವ ಕೇಳುತ್ತಾಳೆ. ಇಷ್ಟು ವರ್ಷ ವೆಲ್ಡಿಂಗು, ಗ್ರೈಂಡರು ಎಂದು ಸದ್ದಿನಲ್ಲೇ ನಿಂತು ನಿನ್ನ ಕಿವಿ ಹೋಗಿವೆ. ನಾನು ಫೋನಿನಲ್ಲಿ ಒದರಿದರೆ ನಿನಗೊಬ್ಬನಿಗೆ ಬಿಟ್ಟು ಕುಷ್ಟಗಿ ಬಸ್‌ಸ್ಟ್ಯಾಂಡಿಗೆಲ್ಲ ಕೇಳುತ್ತದೆ. ಅಂಗಡಿಯ ಮೊಬೈಲಿಗೆ ಬರೆದು ಕಳಿಸಿದರೆ ಗೇಟು ಮಾಡಿಸಲು ಬಂದವರೆಲ್ಲ ಓದುತ್ತಾರೆ. ಅದಕ್ಕೇ, ಕೊಪ್ಪಳಕ್ಕೆ ದಾಳಿಂಬೆ ಇಳಿಸಿ ಖಾಲಿ ವಾಪಸ್ ಬರುವ ರೆಹಮಾನನ ಟೆಂಪೋದಲ್ಲಿ ಈ ಕಾಗದ ಕೊಟ್ಟಿದ್ದೇನೆ. ನಿನ್ನ ಉತ್ತರವನ್ನೂ ಅವನ ಕೈಯಲ್ಲೇ ಕಳಿಸು.

ನೀನು ಬೆಸೆದ ಗ್ಯಾಸ್ ಲೈನು ಈ ಸಲ ನನ್ನ ಪಾಲಿಗೆ ಬಂದಿದೆ. ಕಾರ್ಖಾನೆಯವರು ಪೈಪುಗಳ ದಪ್ಪ ಅಳೆಯುವ ಗುತ್ತಿಗೆಯನ್ನು ನಮ್ಮ ಕಂಪನಿಗೆ ಕೊಟ್ಟಿದ್ದಾರೆ. ಕುಲುಮೆಯಿಂದ ಗ್ಯಾಸು ಒಯ್ಯುವ ಆ ಉದ್ದನೆಯ ಪೈಪಿನ ಒಂದೊಂದು ಜಾಯಿಂಟಿನ ಹತ್ತಿರವೂ ಯಂತ್ರದ ಬಿಲ್ಲೆ ಇಟ್ಟು ನೋಡುವುದು ನನ್ನ ಕೆಲಸ. ಪೈಪು ಕೊಯ್ಯುವುದಿಲ್ಲ, ಕೊರೆಯುವುದಿಲ್ಲ. ಮನುಷ್ಯರ ಕಿವಿಗೆ ಕೇಳದ ಸದ್ದೊಂದು ಬಿಲ್ಲೆಯಿಂದ ಕಬ್ಬಿಣದೊಳಗೆ ಹೋಗಿ, ಒಳಮೈಗೆ ಬಡಿದು ವಾಪಸ್ ಬರುತ್ತದೆ. ಎಷ್ಟು ಹೊತ್ತಿಗೆ ಬಂತು ಎನ್ನುವುದರ ಮೇಲೆ ಯಂತ್ರ ದಪ್ಪ ಹೇಳುತ್ತದೆ. ಒಳಗೆ ತುಕ್ಕು ತಿಂದಿದ್ದರೆ ದಪ್ಪ ಕಡಿಮೆ ಬರಬೇಕು.

ಹೊಸದರಲ್ಲಿ ಅದು ಎಂಟು ಮಿಲಿಮೀಟರಿನ ಪೈಪು. ನನ್ನ ಯಂತ್ರ ಹತ್ತು ಎಂದಿತು. ಹದಿನೆಂಟು ವರ್ಷದಲ್ಲಿ ಮೈ ಹಚ್ಚಿಕೊಳ್ಳಲು ಅದೇನು ಮೇವು ತಿನ್ನುವ ಎಮ್ಮೆಯೇ? ಯಂತ್ರ ಕೆಟ್ಟಿತೆಂದು ನಾಲ್ಕು ಸಲ ಒರೆಸಿದೆ. ಆಮೇಲೆ ಬಣ್ಣದ ಕಡೆ ಲಕ್ಷ್ಯ ಹೋಯಿತು. ಪ್ರತಿ ವರ್ಷ ಆಯುಧ ಪೂಜೆಗೆ ಮುಂಚೆ, ಹಳೆಯದನ್ನು ಕೆರೆಯದೆ, ಮೇಲಿಂದ ಮೇಲೆ ಬಳಿಯುತ್ತಾ ಬಂದಿದ್ದಾರೆ. ಬಣ್ಣದಲ್ಲಿ ಆ ಸದ್ದು ನಿಧಾನಕ್ಕೆ ಹೋಗುತ್ತದೆ. ನಮ್ಮ ಹಳೆಯ ಯಂತ್ರ ಅದನ್ನೂ ಕಬ್ಬಿಣವೆಂದೇ ಹಿಡಿಯುತ್ತದೆ. ಪೈಪಿನ ಕೆಳಹೊಟ್ಟೆಯಲ್ಲಿ, ಜಾಯಿಂಟಿನ ಪಕ್ಕದಲ್ಲಿ, ಏಳು ತೋರಿಸಿತು. ಏಳಿದ್ದರೆ ಪಾಸು. ನಾನು ಅಲ್ಲಿಯ ಬಣ್ಣ ಕೆರೆದು ಮತ್ತೆ ಇಟ್ಟೆ. ನಾಲ್ಕೂ ಇರಲಿಲ್ಲ.

ಅದರ ನೇರ ಕೆಳಗೆ ಸುಭಾಷ ಅಣ್ಣನ ಗ್ಯಾಂಗು ಬುತ್ತಿ ಬಿಚ್ಚುತ್ತದೆ. ಆ ಬಯಲಿನಲ್ಲಿ ನೆರಳು ಅಂತ ಇರುವುದು ಪೈಪಿನದೊಂದೇ. ಆ ಗ್ಯಾಸು ವಿಷ, ವಾಸನೆಯೂ ಇಲ್ಲ ಎಂಬುದು ನನಗಿಂತ ನಿನಗೆ ಚೆನ್ನಾಗಿ ಗೊತ್ತು. ಸೋರಿದರೆ ರೊಟ್ಟಿ ಮುರಿದ ಕೈ ಬಾಯಿಯ ತನಕ ಬರುವುದಿಲ್ಲ.

ನಮ್ಮ ಸೂಪರ್‌ವೈಸರ್ ಕನಕರಾಜ ಕೆಟ್ಟ ಮನುಷ್ಯನಲ್ಲ, ಅಂಜುಬುರುಕ. ‘ಬಣ್ಣ ಕೆರಿಯಾಕ ನಮಗ ಆರ್ಡರ್ ಇಲ್ಲವ್ವಾ. ಇದ್ದದ್ದು ಇದ್ದಂಗ ಬರದು ಸಹಿ ಹಾಕು’ ಎಂದ. ‘ಇದ್ದದ್ದನ್ನ ಬರೀತೀನ್ರಿ, ಬಣ್ಣದ ಕೆಳಗ ಇದ್ದದ್ದನ್ನ’ ಎಂದೆ. ಪೂಜೆಗೆ ಮುಂಚೆ ವರದಿ ಹೋಗಬೇಕಂತೆ. ಏಳು ಎಂದು ಬರೆದು ನಾನು ಸಹಿ ಹಾಕುವುದಿಲ್ಲ. ಬೇರೆಯವರಿಂದ ಕೇಳುವುದಕ್ಕಿಂತ ನನ್ನಿಂದಲೇ ನಿನಗೆ ತಿಳಿಯಲಿ ಎಂದು ಬರೆದೆ.

ನಿನ್ನ ಮಗಳು
ಹೇಮಾವತಿ

*

ಕುಷ್ಟಗಿ
21 ಸೆಪ್ಟೆಂಬರ್ 2024

ಹೇಮಾವತಿಗೆ ಅಪ್ಪ ಬರೆಯುವುದು. ನಿನ್ನ ಅವ್ವನ ಆಶೀರ್ವಾದ ಇದರ ಜೊತೆಗಿದೆ. ನನ್ನದು ಈ ಪತ್ರ ಮುಗಿಯುವ ತನಕ ಕಾಯಲಿ.

ಇಡೀ ಕೊಪ್ಪಳ ಜಿಲ್ಲೆಯಲ್ಲಿ ನಿನ್ನ ಯಂತ್ರಕ್ಕೆ ನನ್ನ ಜಾಯಿಂಟೇ ಬೇಕಾಗಿತ್ತೇ? ಆ ಲೈನು ಬೆಸೆಯುವಾಗ ಬಿಸಿಲಿಗೆ ಪೈಪಿನ ಮೇಲೆ ರೊಟ್ಟಿ ಬೇಯುತ್ತಿತ್ತು. ತಿಮ್ಮಣ್ಣ ಪೈಪು ಹಿಡಿಯುತ್ತಿದ್ದ, ಅಬ್ದುಲರೌಫ ಗ್ರೈಂಡರ್ ಹಿಡಿಯುತ್ತಿದ್ದ, ರಾಡು ನನ್ನ ಕೈಯಲ್ಲಿತ್ತು. ಒಂದೊಂದು ಜಾಯಿಂಟಿಗೂ ಎಕ್ಸ್‌ರೇ ತೆಗೆದರು. ಒಂದೂ ವಾಪಸ್ ಬರಲಿಲ್ಲ. ಹೊರಗೆ ಚೆಂದ ಮಾಡಿ ಒಳಗೆ ಪೊಳ್ಳು ಬಿಡುವ ಜಾತಿಯವನಲ್ಲ ನಾನು. ಒಳಗೂ ತುಂಬಿ ಬರಬೇಕು ಎನ್ನುವವನು. ಇವತ್ತಿಗೂ ನನ್ನ ಜಾಯಿಂಟಿನ ಒಳಗೆ ಕೈ ಹಾಕಿದರೆ ಸುತ್ತಲೂ ಜೋಳದ ಕಾಳಿನೆತ್ತರ ಏರು ಸಿಗುತ್ತದೆ. ಅಷ್ಟು ಗಟ್ಟಿ. ಅದಕ್ಕೇ ಪ್ರತಿ ಆಯುಧ ಪೂಜೆಗೆ ನನ್ನನ್ನು ಕರೆಸುತ್ತಾರೆ. ಮೊದಲ ಜಾಯಿಂಟು ಹಾಕಿದವನೇ ಲೈನಿಗೆ ಕಾಯಿ ಒಡೆಯಬೇಕು ಎನ್ನುವುದು ಆ ಸೆಕ್ಷನ್ನಿನ ಪದ್ಧತಿ. ಕೆಲಸ ಬಿಟ್ಟು ಇಷ್ಟು ವರ್ಷವಾದರೂ ಆ ಮರ್ಯಾದೆ ಬಿಟ್ಟಿಲ್ಲ.

ಇನ್ನೊಂದು ಮಾತು. ಸುಭಾಷನನ್ನು ಕಾಯಂ ಮಾಡುವ ಆರ್ಡರನ್ನು ಅದೇ ಪೂಜೆಯ ದಿನ ಕೊಡುವವರಿದ್ದಾರೆ. ಗುತ್ತಿಗೆಯಲ್ಲಿ ದುಡಿದು ದುಡಿದು ಅವನ ತಲೆ ಬೆಳ್ಳಗಾಗುತ್ತಾ ಬಂತು. ಮ್ಯಾನೇಜರ್ ಸಾಹೇಬರು ಅವನನ್ನು ಕರೆದು, ‘ನಿಮ್ಮ ತಂಗಿಗೆ ಸ್ವಲ್ಪ ತಿಳಿಸಿ ಹೇಳ್ರಿ’ ಎಂದರಂತೆ. ಇದಕ್ಕಿಂತ ಬಿಡಿಸಿ ಯಾರು ಹೇಳುತ್ತಾರೆ? ಬೇರೆಯವರು ಹಿಂದೆ ಹಾಕಿದಂತೆ ನೀನೂ ಸಹಿ ಹಾಕಿ ಸುಮ್ಮನಾಗು.

ಸಿಟ್ಟಿನಲ್ಲಿದ್ದರೂ ಹೊತ್ತಿಗೆ ಸರಿಯಾಗಿ ಉಣ್ಣುವ
ನಿನ್ನ ಅಪ್ಪ
ದ್ಯಾವಪ್ಪ

*

ಗಿಣಿಗೇರಾ
1 ಅಕ್ಟೋಬರ್ 2024

ಅಪ್ಪನಿಗೆ,

ಆಶೀರ್ವಾದ ಪತ್ರದ ಕೊನೆಯಲ್ಲೂ ಇರಲಿಲ್ಲ, ಹುಡುಕಿದೆ. ಇರಲಿ. ನನ್ನ ನಮಸ್ಕಾರ ನಿನಗೆ ಇದ್ದೇ ಇದೆ.

ನಿನ್ನ ಜಾಯಿಂಟಿಗೆ ನಾನು ಏನೂ ಅಂದಿಲ್ಲ. ಅದು ಗಟ್ಟಿ ಇದೆ. ಹೋಗಿರುವುದು ಅದರ ಪಕ್ಕದ ಪೈಪು. ಪಕ್ಕದಲ್ಲೇ ಯಾಕೆ ಎಂದು ನನಗೂ ಬಗೆಹರಿದಿರಲಿಲ್ಲ. ನಿನ್ನ ಪತ್ರ ಬಗೆಹರಿಸಿತು. ಜೋಳದ ಕಾಳಿನೆತ್ತರ ಏರು ಎಂದೆಯಲ್ಲ, ಅದು ಬದು. ಸಿದ್ದಾಪುರದ ಗದ್ದೆಯಲ್ಲಿ ನಾಟಿ ಹಚ್ಚಿ ಬೆಳೆದ ಅವ್ವನನ್ನು ಕೇಳು, ಬದು ಇದ್ದಲ್ಲಿ ನೀರು ನಿಲ್ಲುತ್ತದೋ ಇಲ್ಲವೋ ಎಂದು. ಗ್ಯಾಸು ತಣ್ಣಗಾದಂತೆ ನೀರು ಬಿಡುತ್ತದೆ, ಹುಳಿ ನೀರು. ಅದು ಪೈಪಿನ ತಳದಲ್ಲಿ ಹರಿದು ಬಂದು ನಿನ್ನ ಬದುವಿಗೆ ತಡೆದು ನಿಂತಿದೆ. ನಿಂತಲ್ಲೇ ಕಬ್ಬಿಣ ತಿಂದಿದೆ. ಎಕ್ಸ್‌ರೇ ತೆಗೆದಾಗ ಪೈಪು ಹೊಸದು, ನೀರು ಇನ್ನೂ ಬಂದಿರಲಿಲ್ಲ. ಇದರಲ್ಲಿ ನಿನ್ನ ತಪ್ಪು ಹುಡುಕಲು ನಾನು ಹೊರಟಿಲ್ಲ. ಅದು ಇವತ್ತು ಹೇಗಿದೆ ಎಂದಷ್ಟೇ ಹೇಳುತ್ತಿದ್ದೇನೆ.

ಭಾನುವಾರ ಅಣ್ಣ ಮತ್ತು ವಿಜಯಲಕ್ಷ್ಮಿ ಅತ್ತಿಗೆ ನನ್ನ ರೂಮಿಗೆ ಬಂದಿದ್ದರು. ಅತ್ತಿಗೆ ಕೂಡುವ ಮೊದಲೇ ಶುರು ಮಾಡಿದಳು.

‘ನಿಮ್ಮಣ್ಣ ಮುಂದ ಬರೋದು ನಿನಗ ಬ್ಯಾಡೇನು?’

‘ಅಣ್ಣ ದಿನಾ ಸಂಜಿಗಿ ಮನಿಗಿ ಬರೋದು ಬೇಕು ನನಗ’ ಎಂದೆ.

ಅಣ್ಣ ಗೋಡೆಯ ಕಡೆ ನೋಡಿಕೊಂಡು ಮಾತಾಡಿದ. ‘ಹದಿನೆಂಟು ವರ್ಷ ಏನೂ ಆಗಲಾರದ್ದು ನೀ ಬಂದ ಮ್ಯಾಲ ಆಗತೈತೇನು? ಆರ್ಡರ್ ಕೈಗಿ ಬರೂತನಕ ಸುಮ್ನಿರು. ಆಮ್ಯಾಲ ಬೇಕಾದ್ರ ಇಡೀ ಲೈನ್ ಕೆರಕೋ.’

‘ಆರ್ಡರ್ ಬರೂತನಕ ತಡೀತೀನಿ ಅಂತ ಗ್ಯಾಸು ಹೇಳೈತೇನು ನಿನಗ?’

ಅವನು ಚಹಾ ಮುಟ್ಟದೆ ಎದ್ದ. ‘ಇನ್ನ ಮ್ಯಾಲ ನಿನ್ನ ಕೂಡ ನನಗ ಮಾತಿಲ್ಲ’ ಎಂದು ಹೇಳಿಯೇ ಹೋದ. ನಾನು ಅತ್ತೆ. ಅತ್ತೆ ಎಂದು ಬರೆಯಲು ನನಗೆ ನಾಚಿಕೆಯಿಲ್ಲ, ಆದರೆ ಅತ್ತೆನೆಂದು ಸಹಿ ಹಾಕುವವಳಲ್ಲ.

ಸೋಮವಾರ ಮ್ಯಾನೇಜರ್ ಸಾಹೇಬರು ವರದಿ ಮುಂದಿಟ್ಟರು. ಎಲ್ಲ ಕಡೆ ಏಳು ಎಂದು ಟೈಪಾಗಿತ್ತು. ನನ್ನ ಹೆಸರೂ ಟೈಪಾಗಿತ್ತು, ಸಹಿಯೊಂದೇ ಬಾಕಿ. ‘ಇದು ನಾನು ಅಳದದ್ದಲ್ರಿ’ ಎಂದು ಅವರ ಕಡೆಗೇ ತಿರುಗಿಸಿಟ್ಟೆ. ಮಧ್ಯಾಹ್ನ ಗೇಟಿನಲ್ಲಿ ನನ್ನ ಪಾಸು ಇಸಿದುಕೊಂಡರು. ನಮ್ಮ ಕಂಪನಿಯವರೂ ಮುಂದೆ ಕರೆಯುವ ತನಕ ಬರಬೇಡ ಎಂದರು. ನಾನು ಕೆರೆದ ಜಾಗದ ಮೇಲೆ ಆಗಲೇ ಬಣ್ಣ ಬಳಿದಿದ್ದಾರಂತೆ, ತಿಳಿ ನೀಲಿ.

ಕಾರ್ಖಾನೆಗಳ ತಪಾಸಣೆ ಮಾಡುವ ಅಧಿಕಾರಿಗೆ ದೂರು ಬರೆದು ಹಾಕಿದ್ದೇನೆ. ಕೆಳಗೆ ನನ್ನ ಹೆಸರು, ಊರು, ಅಪ್ಪನ ಹೆಸರು ಎಲ್ಲ ಬರೆದಿದ್ದೇನೆ. ಹೆಸರಿಲ್ಲದ ಅರ್ಜಿ ಹಾಕುವ ಚಾಳಿ ನಿನ್ನಿಂದ ನಾನು ಕಲಿತಿಲ್ಲ.

ಹೇಮಾವತಿ

*

ಕುಷ್ಟಗಿ
5 ಅಕ್ಟೋಬರ್ 2024

ಹೇಮಾವತಿಗೆ,

ಬದು ಗಿದು ಎಂದು ನನಗೆ ಪಾಠ ಹೇಳಬೇಡ. ನೀನು ತೊಟ್ಟಿಲಲ್ಲಿದ್ದಾಗಿನಿಂದ ನಾನು ರಾಡು ಹಿಡಿದವನು.

ನಿನ್ನ ಅವ್ವನನ್ನು ಕೇಳಿದೆ. ಪಾರ್ವತೆಮ್ಮ ಪೂರಾ ನಿನ್ನ ಪಕ್ಷ. ಈಗ ಈ ಮನೆಯಲ್ಲಿ ನೀರು ಬೇಕಾದರೂ ನಾನೇ ಎದ್ದು ಕುಡಿಯಬೇಕು.

ಹನ್ನೊಂದಕ್ಕೆ ಪೂಜೆ. ಕಾಯಿ ಒಡೆಯಲು ಕರೆ ಬಂದಿದೆ, ಈ ಸಲ ಕಾರು ಕಳಿಸುತ್ತಾರಂತೆ. ನಾನು ಹೋಗುತ್ತೇನೆ. ಆವತ್ತು ನೀನು ಗೇಟಿನ ಹತ್ತಿರ ಸುಳಿಯಬೇಡ.

ದ್ಯಾವಪ್ಪ

*

ಕುಷ್ಟಗಿ
13 ಅಕ್ಟೋಬರ್ 2024

ಮಗಳಿಗೆ ಆಶೀರ್ವಾದ. ಮೊದಲೇ ಬರೆದುಬಿಟ್ಟೆ, ಇನ್ನು ಹುಡುಕಬೇಡ.

ನಿನ್ನ ಅಣ್ಣನಂತೂ ನಿನಗೆ ಹೇಳಿರಲಾರ. ನಡೆದದ್ದನ್ನು ನಾನೇ ಬರೆಯುತ್ತೇನೆ.

ಬದುವಿನ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತು. ಅಂಗಡಿಯಲ್ಲಿದ್ದ ಹಳೆ ಪೈಪಿನ ಎರಡು ತುಂಡು ತಗೊಂಡು ಆಗ ಬೆಸೆಯುತ್ತಿದ್ದಂತೆಯೇ ಬೆಸೆದೆ. ಒಳಗೆ ಏರು ತುಂಬಿ ಬಂತು, ಕೈ ಇನ್ನೂ ತಪ್ಪಿಲ್ಲ. ಒಂದು ಮಗ್ಗುಲು ಸ್ವಲ್ಪ ಎತ್ತಿ ನೀರು ಸುರಿದೆ. ಒಂದಿಷ್ಟು ದಾಟಿ ಹೋಯಿತು. ಉಳಿದದ್ದು ಏರಿಗೆ ತಡೆದು ನಿಂತಿತು. ಸಂಜೆ ನೋಡಿದರೂ ನಿಂತೇ ಇತ್ತು. ಅದನ್ನು ನೋಡುತ್ತಾ ಕೂತೆ, ಟ್ರ್ಯಾಲಿ ಬೆಸೆಯಲು ಬಂದವರನ್ನು ನಾಳೆ ಬರ್ರಿ ಎಂದು ಕಳಿಸಿದೆ. ಪೇಂಟ್ ಅಂಗಡಿಯಿಂದ ಒಂದು ಪಟ್ಟಿ ತಂದೆ, ಗೋಡೆಯ ಬಣ್ಣ ಕೆರೆಯುವಂಥದ್ದು. ಪೂಜೆಗೆ ಹೊರಟಾಗ ಟವೆಲಿನಲ್ಲಿ ಸುತ್ತಿ ಚೀಲದಲ್ಲಿಟ್ಟುಕೊಂಡೆ.

ಲೈನಿನ ಕೆಳಗೆ ಪೆಂಡಾಲು ಹಾಕಿದ್ದರು. ಸ್ಪ್ಯಾನರು, ಸುತ್ತಿಗೆ, ಎಲ್ಲವನ್ನೂ ತೊಳೆದು ಜಮಖಾನೆಯ ಮೇಲೆ ಸಾಲಾಗಿ ಜೋಡಿಸಿದ್ದರು. ನಿನ್ನ ಅಳೆಯುವ ಯಂತ್ರವೂ ಇತ್ತು, ಅದರ ಗಾಜಿಗೂ ಕುಂಕುಮ ಹಚ್ಚಿದ್ದರು. ಮ್ಯಾನೇಜರ್ ನನಗೆ ಶಾಲು ಹೊದಿಸಿದರು. ಕೈಗೆ ಕಾಯಿ ಕೊಟ್ಟರು. ನಾನು ಕಾಯಿಯನ್ನು ತಿಮ್ಮಣ್ಣನ ಕೈಗೆ ಕೊಟ್ಟು ಏಣಿ ಹತ್ತಿದೆ. ಹಾರ ಹಾಕಲು ಹತ್ತಿದ್ದಾನೆ ಎಂದುಕೊಂಡರು. ಜಾಯಿಂಟಿನ ಪಕ್ಕ, ಕೆಳಹೊಟ್ಟೆಯಲ್ಲಿ, ಪಟ್ಟಿ ಹಚ್ಚಿ ಕೆರೆದೆ. ತಿಳಿ ನೀಲಿ ಹೋಯಿತು, ಅದರ ಕೆಳಗಿನ ಹಸಿರು ಹೋಯಿತು, ಬೂದಿ ಬಣ್ಣ ಹೋಯಿತು. ಎಷ್ಟು ದಸರೆ ಉದುರಿದವೋ. ಕಬ್ಬಿಣ ಕಂಡ ಮೇಲೆ ಕನಕರಾಜನನ್ನು ಕರೆದೆ.

‘ಯಂತ್ರ ತಗೊಂಡು ಬಾ.’

ಮ್ಯಾನೇಜರ್ ಬಾಯಿ ಆಡಿಸುತ್ತಿದ್ದರು. ತಿಮ್ಮಣ್ಣ ಏಣಿ ಹತ್ತಿ ಬಂದು ನನ್ನ ಕಿವಿಗೆ ಬಾಯಿ ಹಚ್ಚಿ ಹೇಳಿ ಇಳಿದ, ‘ಪೂಜಿಗೆ ಇಟ್ಟ ಆಯುಧ ಇವತ್ತು ಮುಟ್ಟಬಾರದಂತ.’ ಅದು ನಮ್ಮ ಪದ್ಧತಿಯೂ ಹೌದು, ನಾನೂ ಒಂದು ದಿನವೂ ಮುರಿದವನಲ್ಲ. ‘ಆಯುಧಕ್ಕ ಪೂಜಿ ಮಾಡೋದು ಯಾಕ್ರಿ ಸಾಹೇಬ್ರ? ಅದು ನಮ್ಮನ್ನ ಕಾಯಲಿ ಅಂತ. ಕಾಯೋ ಹೊತ್ತಿಗಿ ಮುಟ್ಟಬ್ಯಾಡ ಅಂದ್ರ ಹೆಂಗ? ಪಾಪ ಬಂದ್ರ ನನಗ ಬರಲಿ’ ಎಂದೆ. ನನ್ನ ದನಿ ಜೋರು ಎಂದು ನಿನಗೆ ಗೊತ್ತಲ್ಲ. ಎಲ್ಲರಿಗೂ ಕೇಳಿತು.

ಕೊನೆಗೆ ಕನಕರಾಜನೇ ಯಂತ್ರ ಎತ್ತಿಕೊಂಡು, ಕುಂಕುಮವನ್ನು ಅಂಗಿಯ ತೋಳಿಗೆ ಒರೆಸಿ, ಮೇಲೆ ಬಂದ. ಬಿಲ್ಲೆ ಇಟ್ಟ. ನೋಡಿದ. ತೆಗೆದು ಮತ್ತೆ ಇಟ್ಟ. ಏನೋ ಅಂದ. ನನಗೆ ಕೇಳಲಿಲ್ಲ. ನಾನು ಕೆಳಗೆ ನಿಂತ ಸುಭಾಷನ ಮುಖ ನೋಡಿದೆ. ಅವನು ದಿನವೂ ಬುತ್ತಿ ಇಟ್ಟುಕೊಂಡು ಕೂಡುವ ಕಲ್ಲಿನ ಕಡೆ ನೋಡುತ್ತಿದ್ದ. ನನಗೆ ಅಳತೆ ಕೇಳುವ ಅವಶ್ಯಕತೆ ಬೀಳಲಿಲ್ಲ.

ಶಾಲು ಅಲ್ಲೇ ಏಣಿಯ ಮೇಲೆ ಬಿಟ್ಟು ಬಂದೆ. ಬರುವಾಗ ಕಾರು ಕೊಡಲಿಲ್ಲ, ರೆಹಮಾನನ ಟೆಂಪೋದಲ್ಲಿ ಬಂದೆ. ಸುಭಾಷನ ಆರ್ಡರನ್ನು ಆವತ್ತು ಕೊಡಲಿಲ್ಲ. ಅದರ ಸಂಕಟ ನನಗೆ ಬಹಳ ಇದೆ. ಆದರೂ ಮತ್ತೊಮ್ಮೆ ಕರೆದರೆ ಮತ್ತೊಮ್ಮೆ ಕೆರೆಯುತ್ತೇನೆ.

ನನ್ನ ಜಾಯಿಂಟು ಗಟ್ಟಿ ಇದೆ ಎಂದು ನೀನು ಬರೆದದ್ದನ್ನು ಅವ್ವನಿಗೆ ಎರಡು ಸಲ ಓದಿ ಹೇಳಿದೆ. ಅದಕ್ಕೂ ಅವಳು ನಕ್ಕಳು.

ನಿನ್ನ ಅಪ್ಪ
ದ್ಯಾವಪ್ಪ

*

ಗಿಣಿಗೇರಾ
24 ಅಕ್ಟೋಬರ್ 2024

ಅಪ್ಪಾ,

ನಿನ್ನ ಪತ್ರವನ್ನು ದಿಂಬಿನ ಕೆಳಗೆ ಇಟ್ಟುಕೊಂಡಿದ್ದೇನೆ. ಇಲ್ಲಿ ಯಾರ ಬಾಯಲ್ಲೂ ಅದೇ ಮಾತು. ಚಹಾದ ಅಂಗಡಿಯ ಗುರುಲಿಂಗಮ್ಮ ನನ್ನಿಂದ ದುಡ್ಡು ಇಸಕೊಳ್ಳುವುದಿಲ್ಲ, ‘ದ್ಯಾವಪ್ಪನ ಮಗಳು ಕುಂದ್ರವ್ವ’ ಎನ್ನುತ್ತಾಳೆ.

ಆದರೆ ಲೈನು ಇನ್ನೂ ನಿಂತಿಲ್ಲ. ದೀಪಾವಳಿ ಕಳೆದ ಮೇಲೆ ನೋಡೋಣ ಎನ್ನುತ್ತಿದ್ದಾರೆ. ಅಣ್ಣನ ಗ್ಯಾಂಗು ಮಾತ್ರ ಆ ಲೈನಿನ ಕೆಳಗೆ ಕಾಲಿಡುವುದಿಲ್ಲ ಎಂದು ಹಟ ಹಿಡಿದು ಗೇಟಿನ ಹೊರಗೆ ಕೂತಿದೆ. ಅಣ್ಣನೂ ಕೂತಿದ್ದಾನೆ. ನಾನು ಹತ್ತಿರ ಹೋದರೆ ಎದ್ದು ಆಚೆ ಹೋಗುತ್ತಾನೆ. ಉಳಿದ ಸೆಕ್ಷನ್ನಿನವರು ಒಳಗೆ ಇದ್ದಾರಲ್ಲ, ಊಟದ ಸೈರನ್ನು ಆದಾಗಲೆಲ್ಲ ಗೇಟಿನ ತನಕ ಹೋಗಿ ನೋಡಿ ಬರುತ್ತೇನೆ.

ನಿನ್ನೆ ಮ್ಯಾನೇಜರ್ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿ ಕುರ್ಚಿ ಹಾಕಿಸಿದರು. ನನ್ನ ಯಂತ್ರದ ಸೆಟ್ಟಿಂಗು ತಪ್ಪಿತ್ತು, ಅದಕ್ಕೇ ಕಡಿಮೆ ತೋರಿಸಿತು ಎಂದು ನಾನು ಎರಡು ಸಾಲು ಬರೆದುಕೊಡಬೇಕಂತೆ. ಕೊಟ್ಟರೆ ನನ್ನ ಪಾಸು ವಾಪಸ್, ಅಣ್ಣನ ಆರ್ಡರು ಅವತ್ತೇ ಕೈಗೆ. ಆ ಆರ್ಡರನ್ನು ಮೇಜಿನ ಮೇಲೆ ತೆರೆದೇ ಇಟ್ಟಿದ್ದರು, ಅಣ್ಣನ ಹೆಸರು ಕಾಣುವಂತೆ.

ನಾನು ಆ ಹೆಸರನ್ನು ಬಹಳ ಹೊತ್ತು ನೋಡಿದೆ, ಅಪ್ಪಾ. ಸುಳ್ಳು ಹೇಳುವುದಿಲ್ಲ. ಅತ್ತಿಗೆಯ ಮುಖ ನೆನಪಾಯಿತು.

‘ಅಣ್ಣನ ಹೆಸರು ಅದರಾಗ ಇರಲ್ರಿ, ಚಂದ ಐತಿ. ಆದ್ರ ನನ್ನ ಯಂತ್ರ ಸರಿ ಇತ್ತು’ ಎಂದು ಎದ್ದು ಬಂದೆ. ಬರೆದುಕೊಟ್ಟಿದ್ದರೆ ಅವನು ಕಾಯಂ ಆಗಿ ಮತ್ತೆ ಅದೇ ಪೈಪಿನ ಕೆಳಗೆ ಹೋಗಿ ಕೂಡುತ್ತಿದ್ದ.

ದೂರಿನ ಅಧಿಕಾರಿಯನ್ನು ಹೋಗಿ ಕಂಡೆ. ಬರುತ್ತೇನೆ ಎಂದಿದ್ದಾರೆ. ಬರುವ ತನಕ ಮತ್ತೆ ಮತ್ತೆ ಹೋಗುತ್ತೇನೆ. ಅವರಿಗೇ ನನ್ನ ಮುಖ ನೋಡಿ ಬೇಸರ ಬರಬೇಕು, ನನಗಂತೂ ಬರುವುದಿಲ್ಲ.

ಹೇಮಾವತಿ

*

ಗಿಣಿಗೇರಾ
11 ನವೆಂಬರ್ 2024

ಹೇಮಾವತಿಗೆ ಸುಭಾಷ ಬರೆಯುವುದು.

ನಿನ್ನ ಕೂಡ ಮಾತಾಡುವುದಿಲ್ಲ ಎಂದು ಹೇಳಿದ್ದೇನೆ, ಅದನ್ನು ಮುರಿದಿಲ್ಲ. ಈ ಚೀಟಿಯನ್ನು ವಿಜಯಲಕ್ಷ್ಮಿ ತಂದುಕೊಡುತ್ತಾಳೆ. ಅವಳಿಗೂ ನಿನ್ನ ಮೇಲೆ ಸಿಟ್ಟಿದೆ. ಆದರೂ ಹೋಳಿಗೆ ಕಟ್ಟಿಕೊಂಡು ಬರುತ್ತಿದ್ದಾಳೆ, ತಿನ್ನು.

ಕಾಯಂ ಆಗುವವರ ಪಟ್ಟಿಯಿಂದ ನನ್ನ ಹೆಸರು ತೆಗೆದರು. ಶನಿವಾರ ನೋಟಿಸು ಹಚ್ಚಿದರು. ಈ ವಯಸ್ಸಿನಲ್ಲಿ ಮತ್ತೆ ಗುತ್ತಿಗೆ ಎಂದರೆ ಏನು ಎಂದು ನಿನಗೆ ಗೊತ್ತಾಗುವುದಿಲ್ಲ. ಅದನ್ನು ನಾನು ಬೇಗ ಮರೆಯುವವನಲ್ಲ, ನಿನಗೆ ಹೇಳಿಬಿಡುತ್ತೇನೆ.

ಅಧಿಕಾರಿ ಬಂದು ಲೈನು ನಿಲ್ಲಿಸಿದ್ದು ನೀನೂ ಕೇಳಿದ್ದೀ. ನಿನ್ನೆ ಅಪ್ಪ ಕೆರೆದ ಜಾಗದಲ್ಲಿ ಪೈಪು ಕೊಯ್ದರು. ಕೊಯ್ಯುವಾಗ ನಾನು ಅಲ್ಲೇ ನಿಂತಿದ್ದೆ. ತುಂಡು ಕೆಳಗಿಳಿಸಿ ಒಳಗೆ ನೋಡಿದೆವು. ಅಪ್ಪನ ಏರು ಸುತ್ತಲೂ ಇದ್ದ ಹಾಗೇ ಇದೆ. ಅದರ ಪಕ್ಕ ಕಬ್ಬಿಣ ಹಪ್ಪಳವಾಗಿದೆ. ಅಬ್ದುಲರೌಫ ಹೆಬ್ಬೆರಳಿಟ್ಟು ಒತ್ತಿದ, ಒಂದು ಕಡೆ ತಗ್ಗು ಬಿತ್ತು. ನಾನು ಅಲ್ಲಿ ಕೂತು ಉಂಡ ಊಟವೆಲ್ಲ ನೆನಪಾಯಿತು. ಮನೆಗೆ ಬಂದು ಮಕ್ಕಳನ್ನು ಹತ್ತಿರ ಕೂರಿಸಿಕೊಂಡು ಕೂತೆ, ಅವಕ್ಕೆ ಯಾಕೆಂದು ತಿಳಿಯಲಿಲ್ಲ.

ಈಗ ಮ್ಯಾನೇಜರ್ ಹೊಸ ರಾಗ ತೆಗೆದಿದ್ದಾರೆ. ಪೈಪು ಚೆನ್ನಾಗಿಯೇ ಇತ್ತು, ಕೊಯ್ಯುವಾಗಿನ ಬೆಂಕಿಗೆ ಹೀಗಾಯಿತು ಎನ್ನುತ್ತಾರೆ. ತುಂಡನ್ನು ಗುಜರಿಗೆ ಒಯ್ಯಲು ಕ್ರೇನು ಕಳಿಸಿದ್ದರು. ನಾವು ಕೊಡಲಿಲ್ಲ. ಹನ್ನೆರಡು ಜನ ಕೂಡಿ ಉರುಳಿಸಿಕೊಂಡು ಬಂದು ಗೇಟಿನ ಹೊರಗೆ, ರಸ್ತೆಯ ಬದಿಗೆ, ಬಸ್ಸಿಗೆ ಹೋಗುವವರಿಗೆಲ್ಲ ಕಾಣುವಂತೆ ಇಟ್ಟಿದ್ದೇವೆ. ಹಗಲೂ ರಾತ್ರಿ ಪಾಳಿಯ ಮೇಲೆ ಕಾಯುತ್ತಿದ್ದೇವೆ. ಗುರುವಾರ ಅಧಿಕಾರಿ ಮತ್ತೆ ಬರುತ್ತಾರೆ. ಬೆಂಕಿ ತಾಗದ ಕಡೆಯೂ ಎಷ್ಟು ಉಳಿದಿದೆ ಎಂದು ಎಲ್ಲರ ಎದುರು ಅಳೆಯಬೇಕು. ಯಂತ್ರ ತಾನು ತರುತ್ತೇನೆ ಎಂದು ಕನಕರಾಜ ಮಾತು ಕೊಟ್ಟಿದ್ದಾನೆ. ಆದರೆ ಬಿಲ್ಲೆ ಅವನ ಕೈಯಲ್ಲಿ ಬೇಡ ಎಂದು ಗ್ಯಾಂಗಿನವರ ಹಟ. ನನ್ನದೂ ಅದೇ.

ಗುರುವಾರ ಮುಂಜಾನೆ ಬಾ. ನಿನ್ನ ಪಾಸು ಕಿತ್ತುಕೊಂಡಿದ್ದಾರೆ ಎಂದು ಹಿಂದೆ ಮುಂದೆ ನೋಡಬೇಡ. ನಾವು ಪೈಪನ್ನೇ ಹೊರಗೆ ತಂದಿದ್ದೇವೆ.

ನಿನ್ನ ಅಣ್ಣ
ಸುಭಾಷ